ಮೇಜು ಬಡಿಯುತ್ತಿದ್ದ ಮೊಮ್ಮಗಳು

ಅದು ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿ. ಅಮೆರಿಕದಲ್ಲಿದ್ದ ಮಗಳ ಮನೆಗೆ ನಾನು ಮೊದಲ ಸಲ ಹೋಗಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ ಮಾತ್ರ. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿದವನು. ಬೇರೆಯವರು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಜೋಡಿಸಿ ಜೋಡಿಸಿಯೇ ನನಗೆ ಇಷ್ಟು ಬರೆಯಲು ಬಂದಿದೆ. ಮೊಮ್ಮಗಳ ವಿಷಯ ಅಂದರೆ ನನ್ನ ಕೈ ಸ್ವಲ್ಪ ಜಾಸ್ತಿಯೇ ಓಡುತ್ತದೆ, ಓದುವವರು ಸಹಿಸಿಕೊಳ್ಳಬೇಕು.

ಮಗಳು ಶಾರದಾ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ರಾಮಮೂರ್ತಿ ಎಂಜಿನಿಯರು, ಬೆಳಿಗ್ಗೆ ರೈಲು ಹಿಡಿದು ಶಿಕಾಗೋಗೆ ಹೋದರೆ ಬರುವುದು ಸಾಯಂಕಾಲವೇ. ಶಿಕಾಗೋ ಹತ್ತಿರದ ಡೌನರ್ಸ್ ಗ್ರೋವಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಅವರ ಮನೆ. ಮೊಮ್ಮಗಳು ಮಾಧವಿಗೆ ಎಂಟು ವರ್ಷ. ನಾವು ಕರೆಯುವುದು ಮಾಧು ಎಂದು. ಅವಳು ಸ್ಕೂಲ್ ಬಸ್ಸಿನಿಂದ ಇಳಿಯುವುದನ್ನು ನಾನು ಅರ್ಧ ಗಂಟೆ ಮುಂಚೆಯಿಂದಲೇ ಕಿಟಕಿಯಲ್ಲಿ ನಿಂತು ಕಾಯುತ್ತಿದ್ದೆ. ಕೆಂಪು ಕೋಟು, ಕೆಂಪು ಟೋಪಿ, ಮೂಗಿನ ತುದಿಯೂ ಕೆಂಪು. ಅಷ್ಟು ಹಿಮದ ನಡುವೆ ನಡೆದು ಬರುವ ಆ ಪುಟ್ಟ ಕೆಂಪು ಚುಕ್ಕೆ ನನ್ನದು ಅನ್ನಿಸಿದಾಗ ಆಗುತ್ತಿದ್ದ ಸಂತೋಷವನ್ನು ಹೇಳಲು ನಾನು ಜೋಡಿಸಿದ ಯಾವ ಪುಸ್ತಕದಲ್ಲೂ ಮಾತು ಸಿಕ್ಕಿಲ್ಲ.

ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷು ಬಾರದು. ಆದರೂ ನಾವಿಬ್ಬರೂ ದಿನವೆಲ್ಲ ಮಾತಾಡುತ್ತಿದ್ದೆವು. ಅರ್ಧಕ್ಕರ್ಧ ಇಬ್ಬರಿಗೂ ತಿಳಿಯುತ್ತಿರಲಿಲ್ಲವೇನೋ, ಯಾರು ನೋಡಿದರು.

ಸ್ಕೂಲಿನಿಂದ ಬಂದ ಕೂಡಲೇ ನಾನು ಅವಳಿಗೆ ಮೊಸರನ್ನ ಕಲಸಿ ಮೇಜಿನ ಮೇಲೆ ಇಡುತ್ತಿದ್ದೆ. ಒಂದು ದಿನ ನೋಡುತ್ತೇನೆ, ಹುಡುಗಿ ಎರಡು ತುತ್ತು ತಿಂದು ಕೈ ಒರೆಸಿಕೊಂಡಳು, ತಟ್ಟೆಯ ಪಕ್ಕದಲ್ಲಿ ಎರಡೂ ಕೈ ಇಟ್ಟು ಮೇಜು ಬಡಿಯತೊಡಗಿದಳು. ಟಕ್ ಟಕ್ ಟಕ್. ಮೇಜಿನ ಕೆಳಗೆ ಕಾಲೂ ಆಡುತ್ತಿತ್ತು. ನಮ್ಮ ಕಡೆ ಊಟಕ್ಕೆ ಕುಳಿತು ತಟ್ಟೆ ಬಡಿದರೆ, ಕಾಲು ಅಲ್ಲಾಡಿಸಿದರೆ ಹಿರಿಯರು ಸುಮ್ಮನಿರುತ್ತಾರೆಯೇ. ನಾನೂ ಹೇಳಿದೆ.

"ಊಟದ ಮುಂದೆ ಹಾಗೆಲ್ಲ ಬಡೀಬಾರದು ಪುಟ್ಟಾ. ಮನೆಗೆ ದರಿದ್ರ ಬರತ್ತೆ."

ಅವಳು ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಎದುರುತ್ತರ ಕೊಡುತ್ತಿದ್ದಾಳೆ ಎಂದುಕೊಂಡೆ. ಮಾರನೆಯ ದಿನವೂ ಬಡಿದಳು, ನಾನು ಸ್ವಲ್ಪ ದನಿ ಏರಿಸಿದೆ. ಮೂರನೆಯ ದಿನ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು, ಅಮ್ಮ ಅಪ್ಪ ಇಷ್ಟು ಕಷ್ಟಪಟ್ಟು ದುಡಿಯುವ ಮನೆಯಲ್ಲಿ ಹೀಗೆ ಮಾಡಬಾರದು ಎಂದು ಬುದ್ಧಿ ಹೇಳಿದೆ. ಅಂದಿನಿಂದ ಮಗು ಉಂಡಾದ ಮೇಲೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂರತೊಡಗಿತು. ಅಮೆರಿಕದಲ್ಲಿ ಹುಟ್ಟಿದರೂ ತಾತನ ಮಾತು ಕೇಳುತ್ತಾಳಲ್ಲ ಎಂದು ನಾನು ಒಳಗೊಳಗೇ ಬೀಗಿದೆ. ಊರಿಗೆ ಬರೆದ ಕಾಗದದಲ್ಲೂ ಅದನ್ನು ಬರೆದೆ.

ಎರಡು ವಾರ ಕಳೆದಿರಬಹುದು. ಪಕ್ಕದ ಊರು ಲೈಲ್‌ನಲ್ಲಿ ಮಾಧುಗೆ ಪಿಯಾನೊ ಕಲಿಸುತ್ತಿದ್ದ ಟೀಚರು ಫೋನ್ ಮಾಡಿದರು. ಆಕೆ ಚೀನಾದವರು, ಬಹಳ ಮೆತ್ತನೆಯ ಮಾತಿನವರಂತೆ. ಆದರೂ ಫೋನ್ ಇಟ್ಟ ಮೇಲೆ ಶಾರದೆಯ ಮುಖ ಬಾಡಿತ್ತು. ವಿಷಯ ಇಷ್ಟು. ಬರುವ ಶನಿವಾರ ಲೈಬ್ರರಿಯ ಹಾಲಿನಲ್ಲಿ ಒಂದು ಸಿನಿಮಾ ತೋರಿಸುತ್ತಾರೆ. ಅದು ಡಿಟ್ರಾಯಿಟ್‌ನಲ್ಲಿರುವ, ಈ ಟೀಚರಿಗೇ ಪಾಠ ಹೇಳಿದ ಚೀನೀ ಪಿಯಾನೊ ವಿದುಷಿಯೊಬ್ಬರ ಜೀವನದ ಚಿತ್ರ. ಅದು ಮುಗಿದ ಮೇಲೆ ಮಕ್ಕಳೆಲ್ಲ ಒಂದೊಂದು ಬಾರಿಸಬೇಕು. ಚೆನ್ನಾಗಿ ಬಾರಿಸುತ್ತಿದ್ದ ಮಾಧು ಈಗ ಎರಡು ಪಾಠದಿಂದ ಅರ್ಧಕ್ಕೇ ಮರೆತು ನಿಲ್ಲುತ್ತಿದ್ದಾಳೆ. ಹೀಗೇ ಆದರೆ ಈ ಸಲ ಅವಳನ್ನು ಬಿಡಬೇಕಾಗುತ್ತದೆ.

ಅಪಾರ್ಟ್‌ಮೆಂಟಿನ ಮಾಲೀಕರು ಮೇಲಿನ ಮಹಡಿಗೆ ಪಿಯಾನೊ ತರಲು ಒಪ್ಪಿರಲಿಲ್ಲ. ಸ್ಕೂಲಿನಲ್ಲಿರುವ ಪಿಯಾನೊದಲ್ಲಿ ಪ್ರಾಕ್ಟೀಸ್ ಮಾಡುತ್ತಾಳೆ ಎಂದು ಮಗಳು ಅಳಿಯ ಅಂದುಕೊಂಡಿದ್ದರು. ಯಾಕೆ ಮಾಡಲಿಲ್ಲ ಎಂದು ಶಾರದೆ ಕೇಳಿದರೆ ಮಾಧು ಬಾಯಿ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಒಂದು ಸಲ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ. ತಾತನ ಸಹಾಯ ಬೇಡುತ್ತಿದೆ ಮಗು ಎಂದುಕೊಂಡು, ಬೈಬೇಡಮ್ಮ ಅವಳನ್ನ, ಎಂದು ಶಾರದೆಗೇ ಹೇಳಿದೆ.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದೆವು. ಸಿನಿಮಾ ಎಂದಿದ್ದರಲ್ಲ, ನಾನು ಜರಿ ಪೇಟ ಸುತ್ತಿಕೊಂಡು ಸಂಭ್ರಮದಿಂದಲೇ ಹೊರಟಿದ್ದೆ. ಮೂವತ್ತು ನಲವತ್ತು ಕುರ್ಚಿ, ಹಿಂದೆ ಕಟಕಟ ಅನ್ನುವ ಮಿಷನ್ನು, ಮುಂದೆ ಬಿಳಿ ಪರದೆ, ಅದರ ಪಕ್ಕದಲ್ಲಿ ಕರಿ ಪಿಯಾನೊ. ದೀಪ ಆರಿಸಿದರು. ಒಬ್ಬ ವಯಸ್ಸಾದ ಹೆಂಗಸು ಹಿಮದ ಬೀದಿಯಲ್ಲಿ ನಡೆಯುತ್ತಾಳೆ. ಯಾರೋ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾರೆ. ಆಮೇಲೆ ಒಬ್ಬ ಪುಟ್ಟ ಹುಡುಗಿಯ ಫೋಟೋ. ಆಮೇಲೆ ಒಬ್ಬ ಯುವತಿ ಹಡಗಿನಿಂದ ಇಳಿಯುತ್ತಾಳೆ. ಮತ್ತೆ ಆ ವಯಸ್ಸಾದಾಕೆ. ಅಜ್ಜಿ, ಮಗಳು, ಮೊಮ್ಮಗಳು ಎಂದು ನಾನು ಲೆಕ್ಕ ಹಾಕಿದೆ. ನಮ್ಮ ಥಿಯೇಟರುಗಳಲ್ಲಿ ಪಿಕ್ಚರಿಗೆ ಮುಂಚೆ ಹೀಗೇ ಕಪ್ಪು ಬಿಳುಪಿನ ವಾರ್ತಾಚಿತ್ರ ತೋರಿಸುತ್ತಾರಲ್ಲ, ಅಣೆಕಟ್ಟು, ಪ್ರವಾಹ, ಮಂತ್ರಿಗಳು ಎಲ್ಲ, ಇದೂ ಅದೇ ಇರಬೇಕು ಎಂದು ತಾಳ್ಮೆಯಿಂದ ಕುಳಿತೆ. ಎಷ್ಟು ಹೊತ್ತಾದರೂ ಮುಗಿಯಲಿಲ್ಲ.

ಕೊನೆಗೆ ಅಳಿಯಂದಿರ ಕಿವಿಯಲ್ಲಿ ಕೇಳಿದೆ. "ಅಲ್ಲ, ಮೇನ್ ಪಿಕ್ಚರ್ ಯಾವಾಗ ಶುರು ಮಾಡ್ತಾರೆ?"

"ಇದೇ ಪಿಕ್ಚರ್ರು ಮಾವ. ಆ ಮೂರು ಜನಾನೂ ಒಬ್ರೇ," ಎಂದರು ಅವರು ನಗು ತಡೆದುಕೊಂಡು.

ನನಗೆ ಇನ್ನಷ್ಟು ಗೊಂದಲವಾಯಿತು. ಮತ್ತೆ ಮೊದಲಿನಿಂದ ಎಲ್ಲವನ್ನೂ ತಲೆಯಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ ಪರದೆಯ ಮೇಲೆ ಆಕೆಯ ಮನೆಯ ಊಟದ ಮೇಜು ಬಂತು. ಆಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಹಲಗೆ ತಂದರು. ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿ ಹಲಗೆ ಇಟ್ಟರು. ಅದರ ಮೇಲೆ ಮಸಿಯಲ್ಲಿ ಪಿಯಾನೊದ ಕಪ್ಪು ಬಿಳಿ ಮನೆಗಳನ್ನು ಬರೆದಿತ್ತು, ಅರ್ಧ ಮಾಸಿಹೋಗಿತ್ತು. ಆಕೆ ಕಣ್ಣು ಮುಚ್ಚಿ ಅದರ ಮೇಲೆ ಎರಡೂ ಕೈ ಆಡಿಸತೊಡಗಿದರು. ಸಂಗೀತವಿಲ್ಲ, ಮಾತಿಲ್ಲ. ಟಕ್ ಟಕ್ ಟಕ್.

ಅದೇ ಸದ್ದು. ನಮ್ಮ ಮೇಜಿನ ಸದ್ದು.

ಅಳಿಯಂದಿರು ಪಿಸುಗುಟ್ಟಿ ಅರ್ಥ ಹೇಳಿದರು. ಆಕೆ ಚಿಕ್ಕವರಿದ್ದಾಗ ಚೀನಾದಲ್ಲಿ ಯುದ್ಧ ಬಂದು ಊರೂರು ಅಲೆಯುವಾಗ ಪಿಯಾನೊ ಬಿಟ್ಟು ಬರಬೇಕಾಯಿತಂತೆ. ಅವರಪ್ಪ ಹಲಗೆಯ ಮೇಲೆ ಮನೆಗಳನ್ನು ಬರೆದುಕೊಟ್ಟರಂತೆ. ನಾಲ್ಕು ವರ್ಷ ಆಕೆ ಅದರ ಮೇಲೇ ಕಲಿತದ್ದು. ಪಿಯಾನೊ ಇಲ್ಲದ ಮಕ್ಕಳಿಗೆ ಈಗಲೂ ಆಕೆ, ಆಕೆಯ ಶಿಷ್ಯರು ಎಲ್ಲ ಮೇಜಿನ ಮೇಲೆ ಬಾರಿಸಿ ಕಲಿಯಿರಿ ಎಂದೇ ಹೇಳುತ್ತಾರಂತೆ.

ನಾನು ಮಾಧುವಿನ ಕಡೆ ತಿರುಗಿದೆ. ಅವಳ ಕೆಂಪು ಕೋಟು ತೊಡೆಯ ಮೇಲಿತ್ತು, ಎರಡೂ ಕೈ ಕೋಟಿನ ಕೆಳಗಿದ್ದವು. ಕೋಟು ಅಲುಗಾಡುತ್ತಿತ್ತು. ನಾನು ನೋಡುತ್ತಿರುವುದು ಅವಳಿಗೆ ತಿಳಿದ ಕೂಡಲೇ ಥಟ್ಟನೆ ನಿಂತಿತು.

ನಾನೇ ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ, ಮೊಳೆಗಳ ಪೆಟ್ಟಿಗೆಯಲ್ಲಿ ಯಾವ ಅಕ್ಷರ ಯಾವ ಮನೆಯಲ್ಲಿದೆ ಎಂದು ಬಾಯಿಪಾಠ ಮಾಡಲು, ನಡೆಯುವಾಗ ತೊಡೆಯ ಮೇಲೆ, ಊಟಕ್ಕೆ ಕುಳಿತರೆ ಮಣೆಯ ಮೇಲೆ ಬೆರಳು ಬಡಿಯುತ್ತಿದ್ದೆ. ನಮ್ಮಮ್ಮ ದರಿದ್ರ ಬರತ್ತೆ ಕಣೋ ಎಂದು ಕೈ ಮೇಲೆ ಒಂದು ಕೊಟ್ಟಿದ್ದಳು. ಆ ಏಟು ಮರೆತು ಆ ಮಾತನ್ನು ಮಾತ್ರ ಹೇಗೆ ನೆನಪಿಟ್ಟುಕೊಂಡೆನೋ ಕಾಣೆ. ಮಗುವಂತೂ ಅಮ್ಮ ಗದರಿದರೂ ನನ್ನ ಹೆಸರು ಹೇಳಿರಲಿಲ್ಲ.

ದೀಪ ಹಾಕಿದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗಿ ಬಾರಿಸತೊಡಗಿದರು. ಟೀಚರು ನಮ್ಮ ಹತ್ತಿರ ಬಂದು ಬಾರಿಸುತ್ತೀಯಾ ಎಂದು ಮಾಧುವನ್ನು ಕೇಳಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿಬಿಟ್ಟಳು. ಇನ್ನೂ ನಾಲ್ಕು ಮಕ್ಕಳು ಬಾಕಿ ಇದ್ದರು. ನಾನು ಅಳಿಯಂದಿರಿಗೆ, ಇವಳನ್ನು ಕಡೆಗೆ ಇಡಲು ಹೇಳಿ ಎಂದೆ. ಟೀಚರು ಒಪ್ಪಿದರು. ಮಾಧುವಿನ ಕೈ ಹಿಡಿದು ಹಿಂದಿನ ಸಾಲಿಗೆ ಹೋಗಿ ಕುಳಿತೆ. ನನ್ನ ಮಡಿಲ ಮೇಲೆ ಲೈಬ್ರರಿಯ ಒಂದು ದಪ್ಪ ಪುಸ್ತಕ ಇಟ್ಟುಕೊಂಡೆ.

"ಇದರ ಮೇಲೆ ಬಾರಿಸು ಪುಟ್ಟಾ. ತಾತಂಗೆ ಗೊತ್ತಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎಂದೂ ಇಲ್ಲದವಳು ಕನ್ನಡದಲ್ಲಿ ಕೇಳಿದಳು.

"ದರಿದ್ರ ಬರಲ್ವಾ?"

"ಬಂದ್ರೆ ನಾನು ನೋಡ್ಕೋತೀನಿ."

ಬೆರಳುಗಳು ಮೊದಲು ತಡವರಿಸಿದವು. ಎರಡನೆಯ ಸಲ ಓಡಿದವು. ಮೂರನೆಯ ಸಲ ಅವಳು ಕಣ್ಣು ಮುಚ್ಚಿದ್ದಳು. ಆ ಒಂದೊಂದು ಪೆಟ್ಟೂ ಪುಸ್ತಕದ ಮೂಲಕ ನನ್ನ ತೊಡೆಗೆ ತಾಗುತ್ತಿತ್ತು.

ಅವಳ ಸರದಿ ಬಂತು, ಹೋದಳು. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಶುರು ಮಾಡಿದಳು ನೋಡಿ, ಎಷ್ಟು ಚೆಂದ ಅಂತೀರಿ. ಅರ್ಧ ದಾರಿಯಲ್ಲಿ ಕೈ ನಿಂತಿತು. ಮುಗಿಯಿತೆಂದು ನಾನು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಹಾಲಿನಲ್ಲಿ ನನ್ನದೊಂದೇ ಚಪ್ಪಾಳೆ. ಎಲ್ಲರೂ ತಿರುಗಿ ನನ್ನ ಜರಿ ಪೇಟ ನೋಡಿದರು. ಶಾರದೆ, "ಅಪ್ಪಾ, ಕೂತ್ಕೊಳ್ಳಿ, ಅವಳು ಮರೆತಿದಾಳೆ," ಎಂದು ಅಂಗಿ ಹಿಡಿದು ಎಳೆದಳು. ನನ್ನಿಂದ ಕೆಟ್ಟಿತಲ್ಲ ಎಂದು ಕುಸಿದು ಕುಳಿತೆ. ಮಾಧು ಮಾತ್ರ ನನ್ನ ಕಡೆ ನೋಡಿ ನಕ್ಕಳು. ಪಿಯಾನೊದ ಮುಚ್ಚಳದ ಮರದ ಮೇಲೆ ನಾಲ್ಕು ಸಲ ಬೆರಳು ಆಡಿಸಿಕೊಂಡಳು, ಸದ್ದಿಲ್ಲದೆ. ಆಮೇಲೆ ಕೈ ಇಳಿಸಿ, ಬಿಟ್ಟಲ್ಲಿಂದ ಹಿಡಿದು ಕೊನೆಯವರೆಗೆ ಬಾರಿಸಿದಳು. ಈಗ ಎಲ್ಲರೂ ತಟ್ಟಿದರು. ನಾನು ತಟ್ಟಲಿಲ್ಲ. ನಿಜವಾಗಿ ಮುಗಿದಿದೆಯೋ ಇಲ್ಲವೋ ಎಂಬ ಭಯ, ಜೊತೆಗೆ ಕಣ್ಣು ಒರೆಸಿಕೊಳ್ಳಲು ಎರಡೂ ಕೈ ಬೇಕಾಗಿದ್ದವು.

ಮಾರನೆಯ ದಿನದಿಂದ ಮೊಸರನ್ನದ ತಟ್ಟೆ ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿಕೊಡುವ ಕೆಲಸ ನನ್ನದಾಯಿತು. ಊಟದ ಮುಂದೆ ಬಡಿಯಬಾರದು ಎಂಬುದು ಸುಳ್ಳೆಂದು ಇವತ್ತಿಗೂ ನನಗೆ ಹೇಳಲಾಗದು, ನಿಜವೆಂದೂ ಹೇಳಲಾರೆ. ಆದರೆ ಮಗು ಏನಾದರೂ ಮಾಡುತ್ತಿದ್ದರೆ ಯಾಕೆ ಎಂದು ಮೊದಲು ಕೇಳುತ್ತೇನೆ, ಉತ್ತರ ತಿಳಿಯದಿದ್ದರೆ ತಿಳಿದವರನ್ನು ಕರೆದು ಕೇಳುತ್ತೇನೆ.

ವಾಪಸು ಬರುವಾಗ ವಿಮಾನದಲ್ಲಿ ಪಕ್ಕದ ಸೀಟಿನವರು ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ಆಗ ನನಗೂ ಗೊತ್ತಾಯಿತು. ಬೆರಳುಗಳು ತೊಡೆಯ ಮೇಲೆ ಮನೆಯಿಂದ ಮನೆಗೆ ಓಡಾಡಿ ಮಾ, ಧ, ವಿ ಎಂದು ಒಂದೊಂದೇ ಮೊಳೆ ಎತ್ತುತ್ತಿದ್ದವು. ಅವರು ಏನೆಂದು ಕೇಳಲಿಲ್ಲ. ಕೇಳಿದ್ದರೆ ಊರು ಬರುವವರೆಗೂ ಹೇಳುತ್ತಿದ್ದೆ.