ಅಂಬಾದಾಸನ ಬಕೆಟ್ಟಿಗೆ ಎರಡು ಚೊಂಬು ನೀರು

ಠಾಣೆ ಪಟ್ಟಣದಲ್ಲಿ ಇಪ್ಪತ್ತೆಂಟು ವರ್ಷ ಹೋಟೆಲು ನಡೆಸಿದವನು ನಾನು, ಲೀಲಾಧರ. ಕೆಲಸದವರಲ್ಲಿ ದಿನಕ್ಕೊಂದಾದರೂ ತಪ್ಪು ಕಂಡುಹಿಡಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಕಳೆದ ವರ್ಷ ಚೌತಿಗೆ ಮುಂಚೆ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಬಣ್ಣ ಹೊಡೆಯಲು ಬಂದ ಅಂಬಾದಾಸನಲ್ಲಿ ಮಾತ್ರ ನಾಲ್ಕು ದಿನ ಹುಡುಕಿದರೂ ಒಂದೂ ಸಿಗಲಿಲ್ಲ.

ಅವನು ಸೇಡಂ ಕಡೆಯವನು. ಹದಿನೇಳನೆಯ ವಯಸ್ಸಿಗೆ ಡೊಂಬಿವಲಿ ಪಕ್ಕದ ಕಲ್ಯಾಣಕ್ಕೆ ಬಂದು, ಹಗ್ಗಕ್ಕೆ ಜೋತುಬಿದ್ದು ಠಾಣೆಯ ಟವರು ಕಟ್ಟಡಗಳಿಗೆ ಬಣ್ಣ ಬಳಿದು, ಈಗ ಐವತ್ತೈದರಲ್ಲಿ ಮನೆಯೊಳಗಿನ ಗೋಡೆಗಳನ್ನಷ್ಟೇ ಒಪ್ಪಿಕೊಳ್ಳುತ್ತಾನೆ. ಬ್ರಷ್ಷು ಹಿಡಿಯುವ ಮೊದಲು ಗೋಡೆಗೆ ಕೆನ್ನೆ ಆನಿಸಿ, ಒಂದು ಕಣ್ಣು ಮುಚ್ಚಿ ಉಬ್ಬುತಗ್ಗು ನೋಡುತ್ತಾನೆ. ಬೆಳಿಗ್ಗೆ ಬಣ್ಣಕ್ಕೆ ಅಳೆದು ನೀರು ಬೆರೆಸಿ, ಕೋಲಿನಿಂದ ಎತ್ತಿ, ಇಳಿಯುವ ಧಾರೆ ನೋಡಿ ತಲೆಯಾಡಿಸುತ್ತಾನೆ. ಆಮೇಲೆ ಸಂಜೆಯವರೆಗೆ ಆ ಬಕೆಟ್ಟಿನ ಮೇಲೆ ಅವನಿಗೆ ಪೂರ್ತಿ ನಂಬಿಕೆ.

ಐದನೆಯ ದಿನ ಉಳಿದದ್ದು ಗಣಪತಿ ಕೂರಿಸುವ ಗೋಡೆಯೊಂದೇ. ನಾಡಿದ್ದು ಚೌತಿ. ಅಂಬಾದಾಸ ಊಟದ ಡಬ್ಬಿ ಹಿಡಿದು ಕೆಳಗೆ ಹೋಗಿದ್ದ. ಗಂಟೆ ಹನ್ನೆರಡೂವರೆ, ಬಕೆಟ್ಟು ಅರ್ಧ ಖಾಲಿ. ಆ ಹೊತ್ತಿಗೆ ಅರ್ಧ ಖಾಲಿಯಾದ ಪಾತ್ರೆ ಕಂಡರೆ ನನಗೆ ತಡೆಯುವುದಿಲ್ಲ. ಗಿರಾಕಿಗಳು ಬಾಗಿಲಲ್ಲಿದ್ದಾಗ ಸಾಂಬಾರು ಸಾಲದೆ ಬಂದರೆ ಏನು ಮಾಡಬೇಕೆಂದು ಈ ಕೈಗೆ ಗೊತ್ತು. ಅವನೂ ನೀರು ಬೆರೆಸುವುದನ್ನು ಕಂಡಿದ್ದೆನಲ್ಲ! ಎರಡು ಚೊಂಬು ಹೊಯ್ದು, ಚೆನ್ನಾಗಿ ತಿರುವಿ, ದೊಡ್ಡ ಉಪಕಾರ ಮಾಡಿದವನಂತೆ ಸೋಫಾದಲ್ಲಿ ಕುಳಿತೆ.

ಅವನು ಊಟ ಮುಗಿಸಿ ಬಂದು ಬಳಿದ. ಮೂರು ಗಂಟೆಗೆ ಒಣಗಿದ ಗೋಡೆಯ ತುಂಬ ಪಟ್ಟೆಗಳು. ಕೆಳಗಿನ ಹಳೆಯ ಹಸಿರು ಇಣುಕುತ್ತಿತ್ತು. ಅಂಬಾದಾಸ ಇನ್ನೊಂದು ಕೋಟು ಹೊಡೆದ. ಅದೂ ಹಾಗೆಯೇ. ಬಕೆಟ್ಟಿನ ಕಡೆ ಅವನು ತಿರುಗಿಯೂ ನೋಡಲಿಲ್ಲ, ತನ್ನ ಬಲಗೈಯನ್ನು ನೋಡಿಕೊಂಡ.

"ಗ್ವಾಡಿ ಮುಚ್ಚವಲ್ದು ಮಾಲಕ್ರ. ಕೈಯಾಗಿನ ಕಸುಬು ಹೋತು ಕಾಣ್ತದ," ಎಂದ.

ಚೌತಿ ಮುಗಿದ ಮೇಲೆ ಕಳಂಬೋಲಿಯಲ್ಲಿ ಒಂದು ಮನೆ ಒಪ್ಪಿಕೊಂಡಿದ್ದನಂತೆ. ಬೇರೆಯವರನ್ನು ನೋಡಿಕೊಳ್ಳಿ ಎಂದು ಅವರಿಗೆ ಹೇಳಲು ಫೋನ್ ತೆಗೆದ. ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ರತ್ನಾವತಿ, ಬಣ್ಣ ಹತ್ತಿದ ಚೊಂಬು ಹಿಡಿದು, ನನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಯಾವ ಕೆಲಸದವನ ಮುಂದೆಯೂ ನಾನು ತಪ್ಪು ಒಪ್ಪಿಕೊಂಡದ್ದಿಲ್ಲ. ಆದರೆ ಆ ಮನುಷ್ಯ ತನ್ನ ಕೈಯನ್ನೇ ಅನುಮಾನಿಸುತ್ತಿದ್ದ. ನನಗೆ ನಾಚಿಕೆಯಾಯಿತು.

"ಫೋನ್ ಇಡು ಮಾರಾಯ. ನಿನ್ನ ಕೈ ಸರಿಯೇ ಉಂಟು. ನೀರು ಹಾಕಿದ್ದು ನಾನು."

ಅವನು ಕೋಲು ಎತ್ತಿದ. ಬಣ್ಣ ನೀರುಮಜ್ಜಿಗೆಯಂತೆ ಸುರಿಯಿತು. ಬೈಯುತ್ತಾನೆಂದು ಕಾದೆ. ಅವನು ನಗುತ್ತಾ ನೆಲಕ್ಕೇ ಕುಳಿತು ಕಣ್ಣೊರೆಸಿಕೊಂಡ. ಅದು ಬರೀ ನಗುವಿನ ಕಣ್ಣೀರಲ್ಲ ಎಂದು ನನಗೆ ಗೊತ್ತಾಯಿತು. ಆಮೇಲೆ ನನ್ನನ್ನೇ ಅಂಗಡಿಗೆ ಓಡಿಸಿ ಹೊಸ ಡಬ್ಬ ತರಿಸಿದ.

ಮರುದಿನ ಸಂಜೆಯೊಳಗೆ ಗೋಡೆ ಮುಗಿಯಿತು. ಚೌತಿಯ ಊಟಕ್ಕೆ ಅಂಬಾದಾಸ ತನ್ನ ಹೆಂಡತಿ ಪದ್ಮಾವತಿಯನ್ನೂ ಕರೆದುಕೊಂಡು ಬಂದ. ಗಣಪತಿಯ ಹಿಂದಿನ ಗೋಡೆಯನ್ನು ಅವಳಿಗೆ ಎರಡೆರಡು ಸಲ ತೋರಿಸಿದ. ಬಡಿಸಿದ್ದು ನಾನೇ. ಸಾಂಬಾರು ತಂದಾಗ ಅವನು ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು, ಎತ್ತರಕ್ಕೆ ಹಿಡಿದು, ಧಾರೆ ಇಳಿಸಿ ನೋಡಿದ. ಗಂಭೀರವಾಗಿ ತಲೆಯಾಡಿಸಿದ.

"ಒಂದ ಕೋಟಿನಾಗ ಗ್ವಾಡಿ ಮುಚ್ತದ ನೋಡ್ರಿ."