ಮೂರನೇ ಕುರ್ಚಿಯವಳು

"ಐದು ನಿಮಿಷ, ಬಂದೇಬಿಟ್ಟೆ" ಎಂದು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿ ನೋಡಬೇಕು. ಆರನೇ ನಿಮಿಷಕ್ಕೆ ಅವಳೇ ಫೋನು ಮಾಡಿ, "ಬಂದೇಬಿಟ್ಟೆ ಅಂದ್ರಲ್ಲ, ಎಲ್ಲಿ ಬಂದಿದ್ದೀರಿ?" ಎಂದು ಕೇಳುತ್ತಾಳೆ. ತಲೆ ಸಿಡಿದುಹೋಗ್ತಿದೆ ಎಂದರೆ ಒಮ್ಮೆ ತಲೆಯನ್ನೇ ನೋಡಿ ಒಳಗೆ ಹೋಗುತ್ತಾಳೆ. ಇಂಥವಳ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಕ್ಕೆ ಸರ್ಕಾರ ನನಗೊಂದು ಪದಕ ಕೊಡಬೇಕಿತ್ತು. ಕೊಟ್ಟದ್ದು ಅವಳಿಗೆ, ಅದೂ ಕೊರಳಿಗೆ ಹಾಕಿಕೊಳ್ಳುವ ಒಂದು ಪ್ಲಾಸ್ಟಿಕ್ ಕಾರ್ಡು. ಅದರ ಮೇಲೆ ಅವಳ ಫೋಟೋ, ಕೆಳಗೆ 'ದುಭಾಷಿ' ಎಂಬ ಮಾತು.

ನಾವಿಬ್ಬರೂ ಈ ದೇಶಕ್ಕೆ ಆಶ್ರಯ ಕೇಳಿಕೊಂಡು ಬಂದವರು. ಬಂದಾಗ ಅವಳಿಗೆ ಇಪ್ಪತ್ತೆರಡು. ಮೊದಲ ಏಳು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚಿದಳು. ಆ ಬಿಸಿ ಹಬೆಯಲ್ಲಿ ನಿಂತು, ಗೋಡೆಯ ಮೇಲಿನ ರೇಡಿಯೋಗೆ ಕಿವಿ ಕೊಟ್ಟು ಇಲ್ಲಿಯ ಭಾಷೆ ಕಲಿತಳು. ನಾನು ಇವತ್ತಿಗೂ ಸಿಟಿ ಬಸ್ಸು ಓಡಿಸಲು ಬೇಕಾದಷ್ಟೇ ಕಲಿತವನು. ಅವಳು ಮಾತ್ರ ಪರೀಕ್ಷೆ ಕಟ್ಟಿ, ಪಾಸಾಗಿ, ಆಶ್ರಯದ ಅರ್ಜಿಗಳನ್ನು ವಿಚಾರಣೆ ಮಾಡುವ ಕಚೇರಿ ಸೇರಿದಳು. ಅಲ್ಲಿ ಹತ್ತೊಂಬತ್ತು ವರ್ಷವಾಯಿತು.

ಮೂರನೇ ಮಹಡಿಯಲ್ಲಿ ಉದ್ದಕ್ಕೆ ಒಂಬತ್ತು ಸಣ್ಣ ಕೋಣೆಗಳು. ಪ್ರತಿ ಕೋಣೆಯಲ್ಲೂ ಒಂದು ಮೇಜು. ಆ ಬದಿಗೆ ಅಧಿಕಾರಿ, ಈ ಬದಿಗೆ ಅರ್ಜಿದಾರ, ಮೇಜಿನ ಕಿರಿದಾದ ತುದಿಯಲ್ಲಿ ಕೈಯಿಲ್ಲದ ಮೂರನೇ ಕುರ್ಚಿ. ಅದು ಇವಳದು. ನಡುವೆ ಮಾತೆಲ್ಲ ಹಿಡಿದಿಡುವ ರೆಕಾರ್ಡರ್, ಒಂದು ಜಗ್ ನೀರು, ಕಣ್ಣೊರೆಸಿಕೊಳ್ಳಲು ಕಾಗದದ ಡಬ್ಬಿ. ಅರ್ಜಿದಾರ "ನಾನು" ಎಂದರೆ ಇವಳೂ "ನಾನು" ಎನ್ನಬೇಕು. ಹೀಗೆ ನನ್ನ ಹೆಂಡತಿ ಬೆಳಿಗ್ಗೆ ಒಬ್ಬರಾಗಿ ಹೊಡೆತ ತಿಂದು, ಮಧ್ಯಾಹ್ನ ಇನ್ನೊಬ್ಬರಾಗಿ ಮಗನನ್ನು ಕಳೆದುಕೊಂಡು, ಸಂಜೆ ಮನೆಗೆ ಬಂದು ತರಕಾರಿ ಹೆಚ್ಚುತ್ತಿದ್ದಳು. ಕೇಳಿದ್ದನ್ನು ಹೊರಗೆ ಆಡುವಂತಿಲ್ಲ, ಆಡುತ್ತಲೂ ಇರಲಿಲ್ಲ. ಕಚೇರಿಯವರು ಅವಳಿಗೆ 'ತಕ್ಕಡಿ' ಎಂದು ಅಡ್ಡಹೆಸರಿಟ್ಟಿದ್ದರು. ಮಾತು ತೂಗಿ ಕೊಡುತ್ತಾಳೆ, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು. ಅವಳಿಗೆ ಅದರಲ್ಲಿ ಒಳಗೊಳಗೇ ಜಂಬ ಇತ್ತು.

ಹೋದ ವರ್ಷ ಹೊಸ ಮಸೂದೆಯ ಗಲಾಟೆ ಶುರುವಾಯಿತು. ಹೊರಗಿನಿಂದ ಬರುವವರಿಗೆ ಕಾನೂನು ಬಿಗಿ ಮಾಡಬೇಕೋ ಬೇಡವೋ ಎಂದು ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿತ್ತಾಟ. ನನ್ನ ಬಸ್ಸಿನಲ್ಲೂ ಅದೇ. ನನ್ನ ಹಿಂದಿನ ಸೀಟಿನಲ್ಲಿ ದಿನಾ ಕೂರುವ ರಿಟೈರಾದ ಮೇಷ್ಟ್ರೊಬ್ಬರು ಪೇಪರ್ ಮಡಚಿ ಹೇಳುವರು: "ಎಲ್ರನ್ನೂ ಒಳಗೆ ಬಿಟ್ಕೊಂಡು ನಾವೆಲ್ಲಿ ಇರೋದು? ನಿಮ್ಮನ್ನ ಹೇಳ್ತಿಲ್ಲ ಡ್ರೈವರಣ್ಣ, ನೀವು ನಮ್ಮೋರೇ." ಆಸ್ಪತ್ರೆಯ ಸ್ಟಾಪಿನಲ್ಲಿ ಹತ್ತುವ ನರ್ಸಮ್ಮ ಬಿಡುತ್ತಿರಲಿಲ್ಲ: "ನಾಳೆ ನಿಮ್ಮನೆಗೇ ಬೆಂಕಿ ಬಿದ್ರೆ ನೀವೆಲ್ಲಿಗೆ ಓಡ್ತೀರಿ ಮೇಷ್ಟ್ರೇ?" ಇಬ್ಬರೂ ನನ್ನ ಬೆನ್ನಿಗೇ ಕೂಗಾಡುತ್ತಿದ್ದರು. ನಾನು ಯೂನಿಫಾರ್ಮಿನೊಳಗೆ ಅಡಗಿ ಗೇರ್ ಬದಲಾಯಿಸುತ್ತಿದ್ದೆ. ಯೂನಿಫಾರ್ಮ್ ಬಿಚ್ಚಿದ ಮೇಲೂ ನಾನು ನಿಮ್ಮೋನೇನಾ ಎಂದು ಒಂದು ದಿನವೂ ಕೇಳಲಿಲ್ಲ, ಹೇಡಿ.

ಮನೆಯಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಹೆಂಡತಿ ಮಸೂದೆಯ ಪರ!

"ನಿಮಗೇನ್ರೀ ಗೊತ್ತು," ಎಂದಳು. "ಒಂದೇ ತಿಂಗಳಲ್ಲಿ ಮೂರು ಜನ ಬಂದ್ರು. ಮೂರೂ ಜನಕ್ಕೆ ಅದೇ ಮುರಿದ ಬಾಗಿಲು, ಅದೇ ನಾಲ್ಕು ನಾಯಿ, ಅದರಲ್ಲಿ ಒಂದು ಕುಂಟು. ಕುಂಟು ನಾಯೀನೂ ಬಾಯಿಪಾಠ ಮಾಡ್ಕೊಂಡು ಬಂದಿದ್ರು! ಇಂಥೋರಿಂದ ನಿಜ ಹೇಳೋರನ್ನೂ ಯಾರೂ ನಂಬಲ್ಲ. ಬಿಗಿ ಆಗ್ಲಿ ಬಿಡಿ."

"ನಾವು ಬಂದಾಗ ಇಷ್ಟು ಬಿಗಿ ಇದ್ದಿದ್ರೆ ಏನಾಗ್ತಿತ್ತು?"

"ನಾವು ನಿಜ ಹೇಳಿದ್ವಿ" ಎಂದಳು. ನಿಜ ಹೇಳಿದರೆ ಸಾಕು ಎಂದು ಅವಳು ಮನಸಾರೆ ನಂಬಿದ್ದಳು. ಅವಳನ್ನು ದೂರುವುದಕ್ಕೆ ಹೊರಟರೆ ನನಗೆ ಈ ಮಾತೇ ನೆನಪಾಗಿ ನಾಲಿಗೆ ಕಟ್ಟುತ್ತದೆ.

ಹನ್ನೊಂದು ಮತಗಳ ಅಂತರದಲ್ಲಿ ಕಾನೂನು ಪಾಸಾಯಿತು. ಕಚೇರಿಯಲ್ಲಿ ಎಲ್ಲರಿಗೂ ಒಂದು ದಿನದ ತರಬೇತಿ. ಇನ್ನು ಮೇಲೆ ತನ್ನ ಊರಿಗೆ ವಾಪಸ್ ಹೋಗುವ ಉದ್ದೇಶ ಇಟ್ಟುಕೊಂಡು ಬಂದವನಿಗೆ ಆಶ್ರಯವಿಲ್ಲ. ಮೊದಲು ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇತ್ತು. ಈಗ ವಿಚಾರಣೆ ಒಂದೇ ಸಲ. ದುಭಾಷಿ ಪದಕ್ಕೆ ಪದ ಇಡಬೇಕು, ತನ್ನ ಕಡೆಯಿಂದ ವಿವರಣೆ ಕೊಡುವಂತಿಲ್ಲ. ಅನುವಾದ ತಪ್ಪೆಂದು ಗೊತ್ತಾದರೆ ಕಾರ್ಡು ರದ್ದು, ಅವಳು ಆ ವರ್ಷ ಕೂತ ಎಲ್ಲ ವಿಚಾರಣೆಗಳ ತನಿಖೆ. "ನನಗೇನು, ನಾನು ಮೊದಲಿಂದಲೂ ಪದಕ್ಕೆ ಪದಾನೇ" ಎಂದು ಅವಳು ಆ ದಿನ ನಕ್ಕಳು.

ಅದಾಗಿ ಐದನೇ ವಾರ ಆ ಪ್ರೆಸ್ಸಿನವನು ಬಂದ. ಮೂವತ್ತೈದರ ಆಸುಪಾಸಿನವನು, ನಮ್ಮ ಭಾಷೆಯವನು. ಅವನ ಊರಲ್ಲಿ ಪುಟ್ಟ ಮುದ್ರಣಾಲಯ ಇಟ್ಟುಕೊಂಡಿದ್ದ. ಆಳುವವರಿಗೆ ಸೇರದ ಒಂದು ಕರಪತ್ರ ಅಚ್ಚು ಹಾಕಿಕೊಟ್ಟ. ಪ್ರೆಸ್ಸು ಸುಟ್ಟರು; ಒಳಗಿದ್ದ ಇಬ್ಬರು ಕೆಲಸಗಾರರು ಬದುಕಲಿಲ್ಲ. ಇವನನ್ನು ಹುಡುಕುತ್ತಿದ್ದಾರೆ. ವಾಪಸ್ ಹೋದರೆ ಉಳಿಯುವುದಿಲ್ಲ. ಅಷ್ಟೇ ಕಥೆ, ಅದರಲ್ಲಿ ನಾಯಿ ಒಂದೂ ಇರಲಿಲ್ಲ. ಉಗುರಿನ ಸಂದಿಯಲ್ಲಿ ಇನ್ನೂ ಶಾಯಿ ಇತ್ತಂತೆ. ಇವನು ನಿಜದವನು ಎಂದು ಅವಳಿಗೆ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಅಧಿಕಾರಿಗೂ ಹಾಗೇ ಅನ್ನಿಸಿದಂತಿತ್ತು. ಅವನು ಕೆಟ್ಟವನಲ್ಲ, ಮಕ್ಕಳೊಂದಿಗ.

ಎರಡು ಗಂಟೆ ಎಲ್ಲ ಸುಸೂತ್ರವಾಗಿ ನಡೆಯಿತು. ಕೊನೆಗೆ ಅಧಿಕಾರಿ, ಮನೆ ಬಿಟ್ಟ ಹೊತ್ತಿನಲ್ಲಿ ತಾಯಿಗೆ ಏನು ಹೇಳಿದಿರಿ ಎಂದು ಕೇಳಿದ.

"ಏನ್ ಹೇಳ್ಲಿ ಸಾರ್, ಬಾಗಿಲಲ್ಲಿ ನಿಂತಿದ್ರು. 'ಅಮ್ಮಾ, ಬರ್ತೀನಿ' ಅಂದೆ. ಅಷ್ಟೆ."

ನನ್ನ ಹೆಂಡತಿ ಬಾಯಿ ತೆರೆದು ಇಲ್ಲಿಯ ಭಾಷೆಯಲ್ಲಿ ಹೇಳಿದಳು: ಅಮ್ಮಾ, ನಾನು ವಾಪಸ್ ಬರುತ್ತೇನೆ ಎಂದೆ.

ಅಧಿಕಾರಿಯ ಪೆನ್ನು ನಿಂತಿತು. ಅವನು ತಲೆಯೆತ್ತಿ, ವಾಪಸ್ ಬರುತ್ತೇನೆಂದು ತಾಯಿಗೆ ಹೇಳಿದ್ದು ನಿಜವೇ ಎಂದು ಕೇಳಿದ. ಅದನ್ನು ಇವಳು ನಮ್ಮ ಭಾಷೆಗೆ ತಂದಾಗ ಮತ್ತೆ "ಬರ್ತೀನಿ ಅಂತ ತಾಯಿಗೆ ಹೇಳಿದ್ದು ನಿಜಾನಾ?" ಎಂದೇ ಆಯಿತು. ಅವನಿಗೆ ಇದೆಂಥ ಪ್ರಶ್ನೆ ಅನ್ನಿಸಿರಬೇಕು. "ಹೌದು ಮತ್ತೆ, ಹೇಳದೆ ಬರೋಕಾಗುತ್ತಾ?" ಎಂದ. ಅದನ್ನೂ ಇವಳು ಪದಕ್ಕೆ ಪದ ಇಟ್ಟಳು.

ನಮ್ಮಲ್ಲಿ ಯಾರು ತಾನೇ ಮನೆಯಿಂದ ಹೊರಡುವಾಗ "ಹೋಗ್ತೀನಿ" ಎನ್ನುತ್ತಾರೆ? ಹಾಗಂದರೆ ದೊಡ್ಡವರು ಗದರಿ, "ಬರ್ತೀನಿ ಅನ್ನು" ಎಂದು ತಿದ್ದುವುದಿಲ್ಲವೇ? ಸಾಲಗಾರನೂ ಬರ್ತೀನಿ ಎಂದೇ ಹೋಗುತ್ತಾನೆ, ಜಗಳ ಆಡಿದವನೂ ಬರ್ತೀನಿ ಎಂದೇ ಹೋಗುತ್ತಾನೆ. ನಮ್ಮ ಭಾಷೆಯಲ್ಲಿ ಅದು ವಿದಾಯ, ಬೇರೇನೂ ಅಲ್ಲ. ಇದು ನನ್ನಂಥ ಬಸ್ ಡ್ರೈವರಿಗೂ ಗೊತ್ತು. ಹತ್ತೊಂಬತ್ತು ವರ್ಷ ತೂಗಿ ತೂಗಿ ಅವಳ ನಾಲಿಗೆ ಮಾತ್ರ ತಕ್ಕಡಿಯೇ ಆಗಿಹೋಗಿತ್ತು.

ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಆಗ ಗೊತ್ತಾಯಿತು. ಕೈಯೆತ್ತಿ, "ಸಾರ್, ಅದು ನಮ್ಮವರು ಹೊರಡುವಾಗ ಹೇಳೋ ಮಾತು" ಎಂದಳು. ಅಧಿಕಾರಿ ರೆಕಾರ್ಡರಿನ ಕಡೆ ಒಮ್ಮೆ ನೋಡಿ, ಮೆಲ್ಲಗೇ ಕೇಳಿದ: "ಮೇಡಂ, ವಿವರಣೆಗೆ ಈಗ ಅವಕಾಶ ಇಲ್ಲ, ನಿಮಗೇ ಗೊತ್ತು. ನಿಮ್ಮ ಅನುವಾದ ತಪ್ಪಾಗಿತ್ತು ಅಂತ ಹೇಳ್ತಿದ್ದೀರಾ? ಹಾಗಿದ್ರೆ ಹಾಗಂತ ಹೇಳಿ, ಬರ್ಕೋತೀನಿ."

ಒಂದು ಮಾತು. ಹೌದು, ತಪ್ಪಾಗಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು.

"ಅನುವಾದ ಸರಿಯಾಗಿದೆ" ಎಂದಳು ನನ್ನ ಹೆಂಡತಿ.

ಆ ಸಂಜೆ ಅವಳು ಮೊದಲ ಸಲ ಒಂದು ವಿಚಾರಣೆಯನ್ನು ಇಡಿಯಾಗಿ ಮನೆಗೆ ತಂದಳು. ಕಾರ್ಡನ್ನು ಕೊರಳಿನಿಂದ ತೆಗೆಯದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ನಾನು ಸಮಾಧಾನಕ್ಕೆ, "ಕೆಲಸ ಹೋಗುತ್ತೆ ಅಂತ ಹೆದರಿದೆ, ಯಾರಾದ್ರೂ ಹೆದರ್ತಾರೆ. ತನಿಖೆ ಆಗಿ ಉಳಿದೋರಿಗೂ ತೊಂದ್ರೆ ಆಗ್ತಿತ್ತು" ಎಂದೆ.

"ಅಲ್ಲ ರೀ. ಅದ್ಯಾವುದೂ ಆಗ ತಲೇಲಿ ಇರ್ಲಿಲ್ಲ. ನನ್ನ ಅನುವಾದ ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಅಷ್ಟೆ."

ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಟ್ಟೆ ತಳ್ಳಿ ಎದ್ದುಹೋದೆ. ಮರುದಿನ ಅವಳು ರಜೆ ಹಾಕಿ ಕಾಗದ ಬರೆದಳು, ಒಂದಲ್ಲ, ನಾಲ್ಕು: ಅನುವಾದ ತಪ್ಪು, ನನ್ನದೇ ತಪ್ಪು, ಕಾರ್ಡು ತೆಗೆದುಕೊಳ್ಳಿ, ಅವನನ್ನು ಇನ್ನೊಮ್ಮೆ ಕೇಳಿ. ಮೂರು ವಾರಕ್ಕೆ ಎರಡು ಸಾಲಿನ ಉತ್ತರ ಬಂತು. ಅನುವಾದ ಸರಿಯಾಗಿದೆಯೆಂದು ದುಭಾಷಿಯೇ ವಿಚಾರಣೆಯಲ್ಲಿ ದೃಢಪಡಿಸಿರುವುದು ದಾಖಲಾಗಿದೆ. ಆನಂತರದ ಹೇಳಿಕೆಗೆ ಮಾನ್ಯತೆ ಇಲ್ಲ. ಕಾರ್ಡನ್ನೂ ತೆಗೆದುಕೊಳ್ಳಲಿಲ್ಲ. ಅವಳು ತಾನಾಗಿ ಹೋಗಿ ಕೊಟ್ಟು ಬಂದಳು.

ನನ್ನ ವಾರದ ರಜೆಯ ದಿನ ಇಬ್ಬರೂ ಅವನನ್ನು ನೋಡಲು ಹೋದೆವು. ದೇಶದಿಂದ ಹೊರಗೆ ಕಳಿಸಬೇಕಾದವರನ್ನು ಇಡುವ ಕಟ್ಟಡ ಊರಾಚೆ, ಗೋದಾಮುಗಳ ಹಿಂದೆ. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳು. ಇವಳನ್ನು ಕಂಡದ್ದೇ ಅವನು ಎದ್ದು ನಿಂತ.

"ಅಕ್ಕಾ! ನೀವು ಬರ್ತೀರ ಅಂತ ಅಂದ್ಕೊಂಡೇ ಇರ್ಲಿಲ್ಲ."

ಜೇಬಿನಿಂದ ನಾಲ್ಕು ಮಡಿಕೆಯಾದ ಕಾಗದ ತೆಗೆದ. ಅರ್ಜಿ ತಿರಸ್ಕಾರವಾದ ಪತ್ರ. ಅವನಿಗೆ ಇಲ್ಲಿಯ ಭಾಷೆ ಓದಲು ಬಾರದು. "ಆಗಲ್ಲ ಅಂದ್ರು ಅಂತ ಗೊತ್ತು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ಸ್ವಲ್ಪ ಓದಿ ಹೇಳ್ತೀರಾ ಅಕ್ಕ?"

ನಾನು ಪಕ್ಕದಿಂದ ನೋಡಿದೆ. ನನಗೆ ಬರುವಷ್ಟು ಭಾಷೆಯಲ್ಲೇ ಆ ಸಾಲು ಕಣ್ಣಿಗೆ ರಾಚಿತು: ಅರ್ಜಿದಾರರು ವಾಪಸ್ ಬರುತ್ತೇನೆಂದು ತಾಯಿಗೆ ಹೇಳಿ ಹೊರಟಿರುವುದನ್ನು ತಾವೇ ಒಪ್ಪಿಕೊಂಡಿದ್ದಾರೆ. ಅವಳು ಮೊದಲಿನಿಂದ ಓದುತ್ತ, ನಮ್ಮ ಭಾಷೆಯಲ್ಲಿ ಹೇಳುತ್ತ ಬಂದಳು. ತಾರೀಖು, ಅರ್ಜಿಯ ಸಂಖ್ಯೆ, ಕಾನೂನಿನ ಕಲಮು. ಆ ಸಾಲಿಗೆ ಬಂದಳು. ದಾಟಿ ಮುಂದಿನದಕ್ಕೆ ಹೋದಳು.

"ಅಂದ್ರೆ ನನ್ನ ಮಾತು ನಂಬ್ಲಿಲ್ಲ," ಎಂದ ಅವನು. "ಹೋಗ್ಲಿ ಬಿಡಿ ಅಕ್ಕ. ಆ ಕೋಣೇಲಿ ನಮ್ಮ ಮಾತು ಆಡೋರು ಒಬ್ರು ಇದ್ರಲ್ಲ, ಅದೇ ನನಗೆ ಧೈರ್ಯ ಇತ್ತು. ನಾನು ಹೇಳಿದ್ದನ್ನ ನೀವು ಸರಿಯಾಗೇ ಹೇಳಿರ್ತೀರ, ಅದು ಗೊತ್ತು."

ಹೇಳು, ಈಗಲಾದರೂ ಹೇಳು ಎಂದು ನನ್ನೊಳಗೆ ಬೊಬ್ಬೆ ಎದ್ದಿತು. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮ್ಮಿಬ್ಬರಂಥ ಹೇಡಿಗಳನ್ನು ಆ ಕಟ್ಟಡ ಅದಕ್ಕೆ ಮುಂಚೆ ಕಂಡಿರಲಾರದು.

ಹೊರಡುವಾಗ ಅವನು ಒಂದು ಫೋನ್ ನಂಬರ್ ಬರೆಸಿದ. ತಾಯಿಯದಲ್ಲ, ಅವರ ಬೀದಿಯ ಅಂಗಡಿಯದು. ಕೇಳಿದರೆ ಕರೆದು ಕೊಡುತ್ತಾರೆ. ಆ ಕಟ್ಟಡದಿಂದ ಊರಿಗೆ ಫೋನು ಮಾಡಲು ಬಿಡುವುದಿಲ್ಲವಂತೆ. "ಕಳಿಸ್ತಾರೆ ಅಂತ ಅಮ್ಮಂಗೆ ಹೇಳಿ. ಅವರೇನಂತಾರೆ ಕೇಳಿ ನನಗೆ ತಿಳಿಸಿ. ವಿಮಾನ ಹತ್ತೋವರೆಗೂ ಕಾಯ್ತಿರ್ತೀನಿ."

ನಾಲ್ಕು ದಿನ ಲೈನು ಸಿಗಲಿಲ್ಲ. ಐದನೆಯ ದಿನ ಬೆಳಿಗ್ಗೆ ಆ ಕಟ್ಟಡಕ್ಕೇ ಫೋನು ಮಾಡಿದಳು. ಅವನನ್ನು ಕರೆದುಕೊಂಡು ಹೋಗಿ ಆಯಿತು, ಹನ್ನೊಂದಕ್ಕೆ ವಿಮಾನ ಎಂದರು. ಆಮೇಲೂ ಅವಳು ಆ ಅಂಗಡಿಯ ನಂಬರನ್ನು ಒತ್ತುವುದು ಬಿಡಲಿಲ್ಲ. ಮಧ್ಯಾಹ್ನ ಎರಡಕ್ಕೆ ನಾನು ಡ್ಯೂಟಿ ಮುಗಿಸಿ ಬಂದಾಗ ಲೈನು ಸಿಕ್ಕಿತ್ತು. ಯಾರೋ ಓಡಿಹೋಗಿ ಅವನ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಮುದುಕಿಯ ದನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು, ದೂರಕ್ಕೆ ಕೂಗಿ ಹೇಳುವವರ ಹಾಗೆ.

"ಕಳಿಸ್ತಾರಾ? ಯಾಕಮ್ಮ ಕಳಿಸ್ತಾರೆ? ಬೇಡ, ಬರೋದು ಬೇಡ. ಇಲ್ಲಿ ಅವರು ದಿನಾ ಬಂದು ಬೀದಿ ತುದೀಲಿ ನಿಂತ್ಕೋತಾರೆ. ನಾನು ಹೆಂಗೋ ಇರ್ತೀನಿ. ಕಾಲಿಗೆ ಬಿದ್ದಾದ್ರೂ ಅಲ್ಲೇ ಇರು ಅನ್ನು. ಬರಬೇಡ ಅಂತ ಹೇಳು ತಾಯಿ. ಅವ್ನು ಸಿಗ್ತಾನಾ ನಿನಗೆ? ಹೇಳ್ತೀಯಾ?"

ನನ್ನ ಹೆಂಡತಿ ಗೋಡೆಯ ಗಡಿಯಾರ ನೋಡಿದಳು. ನನ್ನ ಮುಖ ನೋಡಿದಳು.

"ಸಿಗ್ತಾನಮ್ಮ," ಎಂದಳು. "ಹೇಳ್ತೀನಿ."