ಅಮ್ಮ ಹೊಡೆದ ಪಬ್ಬಿನ ಗಂಟೆ

ತಲೆ ಬಗ್ಗಿಸಿ ಒಳಗೆ ಬಂದ ಅಮ್ಮ, ತೊಲೆಗೆ ಕಟ್ಟಿದ್ದ ಹಿತ್ತಾಳೆ ಗಂಟೆ ಹೊಡೆದು ಕಣ್ಣು ಮುಚ್ಚಿ ಕೈಮುಗಿದರು. ಶನಿವಾರ ಸಂಜೆ ಐದೂವರೆ. ಸ್ವೀಡನ್ನಿನ ವೆಸ್ಟೆರಾಸ್‌ ಊರಿನ ಆ ಪಬ್ಬಿನಲ್ಲಿದ್ದವರೆಲ್ಲ ಎದ್ದು ಕೌಂಟರಿನ ಮುಂದೆ ಸದ್ದಿಲ್ಲದೆ ಸಾಲು ನಿಂತರು.

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕೆಡವುತ್ತಿದ್ದ ಹಳೆಯ ಪಬ್ಬಿನ ಗಿಡ್ಡ ಬಾಗಿಲು, ಓಕ್ ತೊಲೆ, ಬಣ್ಣದ ಗಾಜು, ಗಂಟೆ ಎಲ್ಲವನ್ನೂ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾರೆ. ನನ್ನನ್ನು ನೋಡಲು ಊರಿಂದ ಬಂದಿದ್ದ ಅಮ್ಮ ಪಬ್ ಎಂದರೆ ಬರುವುದಿಲ್ಲವೆಂದು ‘ಹಳೇ ಕಟ್ಟಡ’ ಎಂದಷ್ಟೇ ಹೇಳಿದ್ದೆ. ಇಂಥ ಪಬ್ಬುಗಳಲ್ಲಿ ಗಂಟೆ ಒಮ್ಮೆ ಬಾರಿಸಿದರೆ ಕೊನೆಯ ಗ್ಲಾಸು ಕೇಳುವ ಹೊತ್ತಾಯಿತೆಂದು ಅರ್ಥ.

“ಇನ್ನೂ ಮುಚ್ಚಿಲ್ಲ, ಕೂತ್ಕೊಳ್ಳಿ!” ಎಂದು ಮಾಲೀಕ ಕೂಗಿದ. ಯಾರೂ ಸಾಲು ಬಿಡಲಿಲ್ಲ.

“ಅಯ್ಯೋ, ಇನ್ನೊಂದ್ಸಲ ಹೊಡೆದ್ರೆ ಸರಿಹೋಗುತ್ತೇನೋ ಕಣೇ!” ನಾನು ತಡೆಯುವಷ್ಟರಲ್ಲಿ ಅಮ್ಮ ಮತ್ತೆ ಬಾರಿಸಿದರು. ಎರಡನೆಯ ಗಂಟೆಗೆ ಪಬ್ಬು ಮುಚ್ಚಿತೆಂದು ಅರ್ಥ. ಎಲ್ಲರೂ ಕೋಟು ತೊಟ್ಟು, ಅಮ್ಮನಿಗೆ ಧನ್ಯವಾದ ಹೇಳಿ ಹೊರಟೇಹೋದರು.

ಶನಿವಾರದ ವ್ಯಾಪಾರ ಹಾಳಾಗಿ ಮಾಲೀಕ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಕ್ಷಮೆ ಕೇಳುತ್ತಿದ್ದರೆ ಅಮ್ಮನಿಗೆ ನನ್ನ ಮೇಲೇ ಕೋಪ. “ಬಾಗಿಲಲ್ಲಿ ತಲೆ ತಗ್ಗಿಸ್ಬೇಕು, ಒಳಗೆ ಮಬ್ಬುಗತ್ತಲೆ, ಮೇಲೆ ಗಂಟೆ ಬೇರೆ. ನಾನೇನು ಅಂದ್ಕೋಬೇಕಿತ್ತು?” ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾಲೀಕ ಬಾಗಿಲನ್ನೂ ಗಂಟೆಯನ್ನೂ ಹೊಸದಾಗಿ ಕಂಡವನಂತೆ ನೋಡಿ ನಕ್ಕುಬಿಟ್ಟ.

ಅಮ್ಮ ನೋಡಿದ ಜಾಗಗಳನ್ನು ನನ್ನ ದಿನಚರಿಯಲ್ಲಿ ಬರೆದಿಡುತ್ತಿದ್ದೆ: ಮ್ಯೂಸಿಯಂ ಮೂರು, ಚರ್ಚು ಎರಡು. ಅಂದು ‘ದೇವಸ್ಥಾನ ಒಂದು’ ಎಂದು ಸೇರಿಸಿದೆ. ಮೊನ್ನೆ ಹೋದಾಗ ಆ ಬಾಗಿಲಲ್ಲಿ ಹೊಸದೊಂದು ಪುಟ್ಟ ಗಂಟೆ ತೂಗುತ್ತಿತ್ತು. “ಇದು ನಿಮ್ಮಮ್ಮನಿಗೆ” ಎಂದ ಮಾಲೀಕ.